ಅಯೋಹೆಕ್ಸಾಲ್

ಅಯೋಹೆಕ್ಸಾಲ್ ಎಂಬುದು ಎಕ್ಸ್-ರೇ ಮತ್ತು ಸಿಟಿ ಸ್ಕ್ಯಾನ್ ಚಿತ್ರಗಳಲ್ಲಿ ರಕ್ತನಾಳ, ಮೂತ್ರಪಿಂಡ, ಮೂತ್ರನಾಳ, ಬೆನ್ನುಹುರಿಯ ಸುತ್ತಲಿನ ದ್ರವ ಮೊದಲಾದವು ಎದ್ದು ಕಾಣಲೆಂದು ದೇಹದೊಳಕ್ಕೆ ಕೊಡುವ ಅಯೋಡಿನ್‌ಯುಕ್ತ ಔಷಧ. ವೈದ್ಯರು ಇಂಥ ದ್ರವಗಳನ್ನು ಕಾಂಟ್ರಾಸ್ಟ್ ಎನ್ನುತ್ತಾರೆ. ರೋಗಿಗಳ ಮಾತಿನಲ್ಲಿ ಇದು ‘ಡೈ’. ಇದು ಬಣ್ಣವಿಲ್ಲದ ಅಥವಾ ತೀರ ತಿಳಿ ಹಳದಿಯ, ನೀರಿಗಿಂತ ಮಂದವಾದ ದ್ರಾವಣ. ಇದು ಯಾವ ರೋಗವನ್ನೂ ಗುಣಪಡಿಸುವುದಿಲ್ಲ. ರಕ್ತದೊಡನೆ ಕೆಲವು ನಿಮಿಷ ಹರಿದು, ಎಕ್ಸ್-ರೇಯನ್ನು ತಡೆದು, ಬಳಿಕ ಮೂತ್ರದಲ್ಲಿ ಹೊರಹೋಗುವುದಷ್ಟೇ ಇದರ ಕೆಲಸ. ನಾರ್ವೆಯ ನ್ಯೆಗಾರ್ಡ್ ಕಂಪನಿ ಅಭಿವೃದ್ಧಿಪಡಿಸಿದ ಇದು 1982ರಲ್ಲಿ ‘ಓಮ್ನಿಪೇಕ್’ ಎಂಬ ಹೆಸರಿನಲ್ಲಿ ಬಳಕೆಗೆ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಮಾದರಿ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ.

ಇಂಥ ಕಾಂಟ್ರಾಸ್ಟ್ ಎಷ್ಟು ಬಗೆಯ ಪರೀಕ್ಷೆಗಳಿಗೆ ಬೇಕಾಗುತ್ತದೆ ಎಂಬುದನ್ನು ದಕ್ಷಿಣ ಬೆಂಗಳೂರಿನ ಒಂದೇ ಭಾಗದಲ್ಲಿ ನೋಡಬಹುದು. ಜೆ.ಪಿ. ನಗರದ ಅಂಚಿನಲ್ಲಿ ಸಾಗುವ ಮಾರೇನಹಳ್ಳಿ ರಸ್ತೆಯು ಬನ್ನೇರುಘಟ್ಟ ರಸ್ತೆಯನ್ನು ಸೇರುವ ಕಡೆ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯಿದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಹೊಸೂರು ರಸ್ತೆಯಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ಹಾಗೂ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇವೆ. ಹೃದಯ, ಮಿದುಳು, ಕ್ಯಾನ್ಸರ್ ಎಂಬ ಈ ಮೂರು ಕ್ಷೇತ್ರಗಳಲ್ಲೂ ರೋಗನಿದಾನದ ಒಂದು ಮುಖ್ಯ ಹಂತ ಅಯೋಡಿನ್ ಕಾಂಟ್ರಾಸ್ಟ್‌ನ ಮೇಲೆ ನಿಂತಿದೆ. ಅಯೋಹೆಕ್ಸಾಲ್ ಮತ್ತು ಅದರ ಸೋದರ ಔಷಧಗಳ ಬಳಕೆ, ಎಚ್ಚರಿಕೆಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಅಯೋಹೆಕ್ಸಾಲ್ ಕುರಿತ ವಿವರ ಇಡೀ ಗುಂಪಿಗೂ ಹೊಂದುತ್ತದೆ.

ಎಕ್ಸ್-ರೇಯನ್ನು ಅಯೋಡಿನ್ ತಡೆಯುವ ಬಗೆ

ಎಕ್ಸ್-ರೇ ಚಿತ್ರದಲ್ಲಿ ಮೂಳೆ ಬೆಳ್ಳಗೆ, ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ ಕಾಣುತ್ತವೆ. ಆದರೆ ರಕ್ತ, ಸ್ನಾಯು, ಪಿತ್ತಜನಕಾಂಗ, ಮೂತ್ರಪಿಂಡಗಳು ಎಕ್ಸ್-ರೇಯನ್ನು ಸುಮಾರು ಒಂದೇ ಪ್ರಮಾಣದಲ್ಲಿ ಹೀರುವುದರಿಂದ ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ನೋಡುವುದು ಕಷ್ಟ. ಇವೆಲ್ಲ ಮುಖ್ಯವಾಗಿ ಹೈಡ್ರೊಜನ್, ಕಾರ್ಬನ್, ನೈಟ್ರೊಜನ್, ಆಕ್ಸಿಜನ್ ಎಂಬ ಹಗುರ ಧಾತುಗಳಿಂದಾದವು. ಅಯೋಡಿನ್‌ನ ಪರಮಾಣು ಸಂಖ್ಯೆ 53. ಅದರ ಒಳಕವಚದ ಎಲೆಕ್ಟ್ರಾನನ್ನು ಕಿತ್ತುಹಾಕಲು ಬೇಕಾದ ಶಕ್ತಿ 33.2 ಕಿಲೊ ಎಲೆಕ್ಟ್ರಾನ್ ವೋಲ್ಟ್. ಈ ಮಟ್ಟವನ್ನು ದಾಟಿದೊಡನೆ ಅಯೋಡಿನ್ ಎಕ್ಸ್-ರೇಯನ್ನು ಹೀರುವ ಪ್ರಮಾಣ ಒಮ್ಮೆಲೇ ಏರುತ್ತದೆ. ವೈದ್ಯಕೀಯ ಯಂತ್ರಗಳು ಹೊಮ್ಮಿಸುವ ಕಿರಣಗಳಲ್ಲಿ ಬಹುಪಾಲು ಈ ಮಟ್ಟಕ್ಕಿಂತ ಮೇಲಿದ್ದು ಅದರಿಂದ ಬಹಳ ದೂರವೇನೂ ಇಲ್ಲದಿರುವುದರಿಂದ, ರಕ್ತದಲ್ಲಿ ಸ್ವಲ್ಪವೇ ಅಯೋಡಿನ್ ಇದ್ದರೂ ರಕ್ತನಾಳ ಬೆಳ್ಳಗೆ ಬೆಳಗುತ್ತದೆ.

ಸಿಟಿ ಚಿತ್ರದಲ್ಲಿ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಮಾನದಲ್ಲಿ ಅಳೆಯುತ್ತಾರೆ. ನೀರಿನದು 0, ಗಾಳಿಯದು −1000. ಹರಿಯುವ ರಕ್ತದ್ದು ಸುಮಾರು 40. ಎಕ್ಸ್-ರೇ ಕೊಳವೆಯ ವೋಲ್ಟೇಜ್ 120 ಕಿಲೊವೋಲ್ಟ್ ಇರುವಾಗ ಒಂದು ಮಿಲಿಲೀಟರ್ ರಕ್ತಕ್ಕೆ ಒಂದು ಮಿಲಿಗ್ರಾಂ ಅಯೋಡಿನ್ ಸೇರಿದರೆ ಈ ಅಂಕಿ ಸುಮಾರು 25ರಷ್ಟು ಏರುತ್ತದೆ. ವೋಲ್ಟೇಜ್ ಇಳಿಸಿದರೆ ಕಿರಣಗಳ ಶಕ್ತಿ ಅಯೋಡಿನ್‌ನ ಮಟ್ಟಕ್ಕೆ ಇನ್ನಷ್ಟು ಹತ್ತಿರವಾಗಿ ಹೊಳಪು ಹೆಚ್ಚುತ್ತದೆ. ತೆಳ್ಳಗಿನ ಮೈಕಟ್ಟಿನವರಿಗೂ ಮಕ್ಕಳಿಗೂ ಕಡಿಮೆ ವೋಲ್ಟೇಜ್‌ನಲ್ಲಿ, ಕಡಿಮೆ ಕಾಂಟ್ರಾಸ್ಟ್‌ನಿಂದ ಸ್ಕ್ಯಾನ್ ಮಾಡಲು ಸಾಧ್ಯವಾಗುವುದು ಈ ಗುಣದಿಂದಲೇ.

ರಾಸಾಯನಿಕ ರಚನೆ

ಅಯೋಹೆಕ್ಸಾಲ್‌ನ ಅಣುಸೂತ್ರ ಸಿ₁₉ಎಚ್₂₆ಐ₃ಎನ್₃ಒ₉. ಅಣುತೂಕ ಸುಮಾರು 821. ಅಣುವಿನ ನಡುವೆ ಒಂದು ಬೆಂಜೀನ್ ಉಂಗುರವಿದೆ. ಉಂಗುರದ ಆರು ಕಾರ್ಬನ್‌ಗಳಲ್ಲಿ ಒಂದನ್ನು ಬಿಟ್ಟು ಒಂದರಂತೆ ಮೂರಕ್ಕೆ ಅಯೋಡಿನ್ ಪರಮಾಣುಗಳು ಬಿಗಿಯಾಗಿ ಅಂಟಿಕೊಂಡಿವೆ. ಅಣುವಿನ ತೂಕದಲ್ಲಿ ಶೇ. 46ಕ್ಕಿಂತ ತುಸು ಹೆಚ್ಚು ಅಯೋಡಿನ್‌ನದೇ. ಉಳಿದ ಮೂರು ಕಾರ್ಬನ್‌ಗಳಿಗೆ ನೀರನ್ನು ಪ್ರೀತಿಸುವ ಪಾರ್ಶ್ವಸರಪಳಿಗಳು ಸೇರಿವೆ. ಪ್ರತಿ ಸರಪಳಿಯ ತುದಿಯಲ್ಲಿ ಎರಡರಂತೆ ಒಟ್ಟು ಆರು ಹೈಡ್ರಾಕ್ಸಿಲ್ ಗುಂಪುಗಳಿವೆ.

ಈ ಆರು ಗುಂಪುಗಳು ಎರಡು ಕೆಲಸ ಮಾಡುತ್ತವೆ. ಅಯೋಡಿನ್ ತುಂಬಿದ ಉಂಗುರ ತಾನಾಗಿ ನೀರಿನಲ್ಲಿ ಕರಗದು. ಅದನ್ನು ಕರಗಿಸುವುದು ಮೊದಲನೆಯದು. ಉಂಗುರವು ರಕ್ತದ ಪ್ರೋಟೀನ್‌ಗಳಿಗೂ ಜೀವಕೋಶಗಳ ಪೊರೆಗೂ ಅಂಟದಂತೆ ಸುತ್ತ ನೀರಿನ ಹೊದಿಕೆಯನ್ನು ಹಿಡಿದಿಡುವುದು ಎರಡನೆಯದು. ಅಣುವಿಗೆ ವಿದ್ಯುದಾವೇಶವಿಲ್ಲದಿರುವುದರಿಂದ ಕರಗಿದ ಮೇಲೂ ಅದು ಇಬ್ಭಾಗವಾಗದೆ ಒಂದೇ ಕಣವಾಗಿ ಉಳಿಯುತ್ತದೆ. ಆದ್ದರಿಂದ ಇದನ್ನು ಅಯಾನಿಕವಲ್ಲದ ಕಾಂಟ್ರಾಸ್ಟ್ ಎನ್ನುತ್ತಾರೆ. ಇದರ ಸುರಕ್ಷತೆಯ ಬಹುಪಾಲು ಈ ಗುಣದಿಂದ ಬಂದದ್ದು. ಅಲ್ಲಿಗೆ ತಲುಪಲು ವೈದ್ಯವಿಜ್ಞಾನಕ್ಕೆ ಏಳೆಂಟು ದಶಕಗಳು ಬೇಕಾದವು.

ಇತಿಹಾಸ

ವಿಲ್ಹೆಲ್ಮ್ ರಾಂಟ್‌ಜೆನ್ 1895ರ ನವೆಂಬರ್‌ನಲ್ಲಿ ಎಕ್ಸ್-ರೇಯನ್ನು ಕಂಡುಹಿಡಿದರು. ಮುಂದಿನ ಜನವರಿಯಲ್ಲೇ ವಿಯೆನ್ನಾದ ಹಾಷೆಕ್ ಮತ್ತು ಲಿಂಡೆಂಥಾಲ್ ಎಂಬುವರು ಕತ್ತರಿಸಿ ತೆಗೆದ ಕೈಯೊಂದರ ರಕ್ತನಾಳಗಳಿಗೆ ಸುಣ್ಣದ ಅಂಶವಿದ್ದ ಮಿಶ್ರಣ ತುಂಬಿ ಚಿತ್ರ ತೆಗೆದರು. ಬದುಕಿರುವ ಮನುಷ್ಯನ ರಕ್ತಕ್ಕೆ ಕೊಡಬಹುದಾದ ಪದಾರ್ಥ ಮಾತ್ರ ಸಿಗಲಿಲ್ಲ. 1920ರ ದಶಕದ ಆರಂಭದಲ್ಲಿ ಫ್ರಾನ್ಸಿನ ಸಿಕಾರ್ ಮತ್ತು ಫೋರೆಸ್ಟಿಯೇ ಅಯೋಡಿನ್ ಸೇರಿಸಿದ ಗಸಗಸೆ ಎಣ್ಣೆಯಾದ ಲಿಪಿಯೊಡಾಲನ್ನು ಬೆನ್ನುಹುರಿಯ ಪರೀಕ್ಷೆಗೆ ಬಳಸಿದರು. 1923ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಓಸ್ಬರ್ನ್ ಮತ್ತು ಸಂಗಡಿಗರು, ಸಿಫಿಲಿಸ್ ರೋಗಿಗಳಿಗೆ ಚಿಕಿತ್ಸೆಯೆಂದು ಕೊಡುತ್ತಿದ್ದ ಸೋಡಿಯಂ ಅಯೊಡೈಡ್ ಮೂತ್ರಕೋಶದಲ್ಲಿ ಸಂಗ್ರಹವಾಗಿ ಎಕ್ಸ್-ರೇಯಲ್ಲಿ ಕಾಣುವುದನ್ನು ವರದಿ ಮಾಡಿದರು. ಪೋರ್ಚುಗಲ್‌ನ ಎಗಾಸ್ ಮೊನಿಜ್ 1927ರಲ್ಲಿ ಸೋಡಿಯಂ ಅಯೊಡೈಡ್ ಬಳಸಿ ಮಿದುಳಿನ ರಕ್ತನಾಳಗಳ ಚಿತ್ರ ತೆಗೆದರು. ಆದರೆ ಅಯೋಡಿನ್‌ನ ಸರಳ ಲವಣಗಳು ರಕ್ತನಾಳಗಳಲ್ಲಿ ಉರಿ ಹುಟ್ಟಿಸುತ್ತಿದ್ದವು, ಹೆಚ್ಚು ಪ್ರಮಾಣದಲ್ಲಿ ವಿಷವಾಗುತ್ತಿದ್ದವು.

ಅಯೋಡಿನ್ನನ್ನು ಕಾರ್ಬನ್ ಉಂಗುರಕ್ಕೆ ಕಟ್ಟಿಹಾಕಿದರೆ ಅದರ ವಿಷಗುಣ ಇಳಿಯುತ್ತದೆ ಎಂಬುದು ಮುಂದಿನ ತಿರುವು. ಜರ್ಮನಿಯ ಬಿಂಜ್ ಮತ್ತು ರೇಟ್ ತಯಾರಿಸಿದ ಸಂಯುಕ್ತಗಳ ಮೇಲೆ ಅಮೆರಿಕದ ಯುವ ವೈದ್ಯ ಮೋಸೆಸ್ ಸ್ವಿಕ್ ಕೆಲಸ ಮಾಡಿದರು. ಅದರ ಫಲವಾಗಿ 1929ರಲ್ಲಿ ಯುರೊಸೆಲೆಕ್ಟಾನ್ ಎಂಬ ಔಷಧ ಬಂದಿತು. ತೋಳಿನ ರಕ್ತನಾಳಕ್ಕೆ ಚುಚ್ಚಿದರೆ ಮೂತ್ರಪಿಂಡಗಳು ಅದನ್ನು ಸೋಸಿ ತಮ್ಮ ಆಕಾರವನ್ನು ತಾವೇ ತೋರಿಸುವಂತಾಯಿತು. ಇದೇ ಕಾಲದಲ್ಲಿ ಬಂದ ಥೊರೊಟ್ರಾಸ್ಟ್ ಎಂಬ ಥೋರಿಯಂ ಡೈಆಕ್ಸೈಡ್ ದ್ರವ ಅತಿ ಸ್ಪಷ್ಟ ಚಿತ್ರಗಳನ್ನು ಕೊಟ್ಟಿತಾದರೂ ವಿಕಿರಣ ಸೂಸುವ ಆ ಪದಾರ್ಥ ಪಿತ್ತಜನಕಾಂಗದಲ್ಲಿ ಜೀವನವಿಡೀ ಉಳಿದು, ಎಷ್ಟೋ ವರ್ಷಗಳ ಬಳಿಕ ಕ್ಯಾನ್ಸರ್ ಉಂಟುಮಾಡಿತು. ಕಾಂಟ್ರಾಸ್ಟ್ ಕಾಣಿಸಿಕೊಂಡರೆ ಸಾಲದು, ಕೆಲಸ ಮುಗಿದೊಡನೆ ಪೂರ್ತಿಯಾಗಿ ಹೊರಹೋಗಬೇಕು ಎಂಬ ಪಾಠವನ್ನು ಈ ದುರಂತ ಕಲಿಸಿತು.

1950ರ ದಶಕದಲ್ಲಿ ಮೂರು ಅಯೋಡಿನ್‌ಗಳನ್ನು ಹೊತ್ತ ಬೆಂಜೀನ್ ಉಂಗುರದ ಸಂಯುಕ್ತಗಳು ಬಂದವು. ಅವುಗಳಲ್ಲಿ ಡಯಾಟ್ರಿಜೋಯೇಟ್ ಬಹುಕಾಲ ಪ್ರಮುಖವಾಗಿತ್ತು. ಇವು ಲವಣಗಳು. ನೀರಿನಲ್ಲಿ ಕರಗಿದಾಗ ಅಯೋಡಿನ್ ಇರುವ ಋಣ ಅಯಾನು ಮತ್ತು ಅಯೋಡಿನ್ ಇಲ್ಲದ ಧನ ಅಯಾನು ಎಂದು ಎರಡಾಗುತ್ತವೆ. ಚಿತ್ರಕ್ಕೆ ಉಪಯೋಗವಿಲ್ಲದ ಎರಡನೆಯ ಕಣವೂ ದ್ರಾವಣದ ಅಭಿಸರಣ ಬಲವನ್ನು ಹೆಚ್ಚಿಸುತ್ತದೆ. ಹೀಗಾಗಿ ಪ್ರಬಲ ದ್ರಾವಣಗಳ ಆಸ್ಮೊಲಾಲಿಟಿ, ಅಂದರೆ ಕರಗಿದ ಕಣಗಳ ಸಾಂದ್ರತೆ, ರಕ್ತದ್ದಕ್ಕಿಂತ ಐದಾರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚಾಗುತ್ತಿತ್ತು. ಅಂಥ ದ್ರಾವಣ ಒಳಹೊಕ್ಕಾಗ ಕೆಂಪು ರಕ್ತಕಣಗಳು ನೀರು ಕಳೆದುಕೊಂಡು ಸುಕ್ಕುಗಟ್ಟುತ್ತವೆ, ರಕ್ತನಾಳಗಳ ಒಳಪದರ ಕೆರಳುತ್ತದೆ, ರೋಗಿಗೆ ತೀವ್ರ ಉರಿ ಮತ್ತು ನೋವಾಗುತ್ತದೆ.

ಸ್ವೀಡನ್ನಿನ ಮಾಲ್ಮೊ ನಗರದ ರೇಡಿಯಾಲಜಿ ವೈದ್ಯ ಟೋರ್ಸ್ಟನ್ ಅಲ್ಮೆನ್ ಈ ನೋವಿನ ಮೂಲವನ್ನು ಹುಡುಕಿದರು. ಉಪ್ಪಿನಂಶ ಬೇರೆಬೇರೆಯಾಗಿರುವ ಸ್ವೀಡನ್ನಿನ ಕಡಲುಗಳಲ್ಲಿ ಕಣ್ಣು ತೆರೆದು ಈಜಿದಾಗ ಕಣ್ಣುರಿಯೂ ಹೆಚ್ಚುಕಡಿಮೆಯಾಗುವುದನ್ನು ಅವರು ಗಮನಿಸಿದ್ದರು. ರಕ್ತನಾಳದ ಉರಿಗೂ ಕಣಗಳ ಸಂಖ್ಯೆಯೇ ಕಾರಣವಿರಬೇಕು ಎಂದು ತರ್ಕಿಸಿದರು. ಹಾಗಾದರೆ ಲವಣದ ರೂಪವನ್ನೇ ಬಿಟ್ಟು, ಆವೇಶವಿಲ್ಲದ ಆದರೂ ನೀರಿನಲ್ಲಿ ಕರಗುವ ಅಣುವನ್ನು ಕಟ್ಟಬೇಕು. ಆಗಿನ ರಸಾಯನಶಾಸ್ತ್ರಜ್ಞರಲ್ಲಿ ಹಲವರಿಗೆ ಇದು ಅಸಾಧ್ಯವೆನಿಸಿತ್ತು. 1968ರಲ್ಲಿ ಓಸ್ಲೊ ನಗರದ ನ್ಯೆಗಾರ್ಡ್ ಕಂಪನಿಯ ಸಂಶೋಧನಾ ಮುಖ್ಯಸ್ಥ ಹ್ಯೂಗೊ ಹೋಲ್ಟರ್ಮನ್ ಈ ಯೋಚನೆಯನ್ನು ಕೈಗೆತ್ತಿಕೊಂಡರು; 1969ರಲ್ಲಿ ಅಲ್ಮೆನ್ ತಮ್ಮ ಸಿದ್ಧಾಂತವನ್ನು ಪ್ರಕಟಿಸಿದರು. ಮೊದಲು ಬಂದ ಮೆಟ್ರಿಜಮೈಡ್ ದ್ರಾವಣದ ರೂಪದಲ್ಲಿ ಬಾಳಿಕೆ ಬರುತ್ತಿರಲಿಲ್ಲ. ಪುಡಿಯಾಗಿ ಬರುತ್ತಿದ್ದ ಅದನ್ನು ಬಳಸುವ ಹೊತ್ತಿಗೆ ಕರಗಿಸಬೇಕಿತ್ತು, ಬೆಲೆಯೂ ದುಬಾರಿ. ಅದರ ಕೊರತೆಗಳನ್ನು ನೀಗಿಸಿ, ಬಿಸಿಯಲ್ಲಿ ಶುದ್ಧೀಕರಿಸಿದರೂ ಕೆಡದ, ಬಾಟಲಿಯಿಂದ ನೇರವಾಗಿ ಬಳಸಬಹುದಾದ ಅಣುವಾಗಿ ಅಯೋಹೆಕ್ಸಾಲ್ ರೂಪುಗೊಂಡಿತು. ಅಮೆರಿಕದಲ್ಲಿ ಇದಕ್ಕೆ 1985ರಲ್ಲಿ ಅನುಮತಿ ದೊರೆಯಿತು. ಇದೇ ಕಾಲದಲ್ಲಿ ಇಟಲಿಯ ಬ್ರಾಕೊ ಕಂಪನಿ ಅಯೊಪಮಿಡಾಲನ್ನು ತಂದಿತು. ಬಳಿಕ ಅಯೊವರ್ಸಾಲ್, ಅಯೊಪ್ರೊಮೈಡ್, ಅಯೊಮೆಪ್ರಾಲ್ ಮೊದಲಾದವು ಈ ಗುಂಪಿಗೆ ಸೇರಿದವು. ಎರಡು ಉಂಗುರಗಳನ್ನು ಜೋಡಿಸಿದ, ಒಂದೇ ಅಣುವಿನಲ್ಲಿ ಆರು ಅಯೋಡಿನ್‌ಗಳಿರುವ ಅಯೊಡಿಕ್ಸನಾಲ್ 1990ರ ದಶಕದಲ್ಲಿ ಬಂದಿತು.

ಈ ಬೆಳವಣಿಗೆಯನ್ನು ಒಂದು ಅನುಪಾತದಲ್ಲಿ ಹೇಳಬಹುದು. ಡಯಾಟ್ರಿಜೋಯೇಟ್‌ನಲ್ಲಿ ಎರಡು ಕಣಗಳಿಗೆ ಮೂರು ಅಯೋಡಿನ್, ಅಂದರೆ ಕಣವೊಂದಕ್ಕೆ 1.5. ಅಯೋಹೆಕ್ಸಾಲ್‌ನಲ್ಲಿ ಅದು 3, ಅಯೊಡಿಕ್ಸನಾಲ್‌ನಲ್ಲಿ 6. ಅದೇ ಹೊಳಪಿಗೆ ಬೇಕಾದ ಕಣಗಳ ಸಂಖ್ಯೆ ಪ್ರತಿ ಹಂತದಲ್ಲೂ ಅರ್ಧಕ್ಕೆ ಇಳಿಯಿತು.

ದ್ರಾವಣದ ಪ್ರಬಲತೆ

ಕಾಂಟ್ರಾಸ್ಟ್‌ನ ಪ್ರಬಲತೆಯನ್ನು ಒಂದು ಮಿಲಿಲೀಟರ್‌ನಲ್ಲಿರುವ ಅಯೋಡಿನ್‌ನ ಮಿಲಿಗ್ರಾಂಗಳಲ್ಲಿ ಹೇಳುವುದು ರೂಢಿ. ಅಯೋಹೆಕ್ಸಾಲ್ 140, 180, 240, 300 ಮತ್ತು 350 ಎಂಬ ಪ್ರಬಲತೆಗಳಲ್ಲಿ ತಯಾರಾಗಿದೆ. ಹೆಚ್ಚು ಬಳಕೆಯಲ್ಲಿರುವುದು 300 ಮತ್ತು 350. ‘300’ ಎಂದು ಬರೆದಿರುವ ಬಾಟಲಿಯ ಒಂದು ಮಿಲಿಲೀಟರ್‌ನಲ್ಲಿ 647 ಮಿಲಿಗ್ರಾಂ ಅಯೋಹೆಕ್ಸಾಲ್ ಇದ್ದು, ಅದರಲ್ಲಿ 300 ಮಿಲಿಗ್ರಾಂ ಅಯೋಡಿನ್.

ರಕ್ತದ ಆಸ್ಮೊಲಾಲಿಟಿ ಕಿಲೋಗ್ರಾಂ ನೀರಿಗೆ ಸುಮಾರು 290 ಮಿಲಿಆಸ್ಮೋಲ್. ಅಯೋಹೆಕ್ಸಾಲ್ 300ರದ್ದು 672, 350ರದ್ದು 844. ಇವು ರಕ್ತದ್ದಕ್ಕಿಂತ ಎರಡು-ಮೂರು ಪಟ್ಟು ಹೆಚ್ಚೇ. ಆದರೂ ಹಳೆಯ ಲವಣಗಳಿಗಿಂತ ಬಹಳ ಕಡಿಮೆ ಇರುವುದರಿಂದ ಈ ಗುಂಪಿಗೆ ಕಡಿಮೆ ಆಸ್ಮೊಲಾಲಿಟಿಯ ಕಾಂಟ್ರಾಸ್ಟ್ ಎಂಬ ಹೆಸರಿದೆ. ಇನ್ನೊಂದು ಮುಖ್ಯ ಗುಣ ಸ್ನಿಗ್ಧತೆ. 350ರ ದ್ರಾವಣದ ಸ್ನಿಗ್ಧತೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 20 ಸೆಂಟಿಪಾಯ್ಸ್. ದೇಹದ ಉಷ್ಣತೆಯಾದ 37 ಡಿಗ್ರಿಯಲ್ಲಿ ಅದರ ಅರ್ಧ. ವೇಗವಾಗಿ ಚುಚ್ಚಬೇಕಾದಾಗ ಬಾಟಲಿಯನ್ನು ವಾರ್ಮರ್‌ನಲ್ಲಿಟ್ಟು ಮೈಬಿಸಿಗೆ ತರುವುದು ಇದಕ್ಕಾಗಿಯೇ. ಬಾಟಲಿಯನ್ನು ಬೆಳಕಿನಿಂದ ಮರೆಯಾಗಿಡಬೇಕು. ಕಣಗಳು ತೇಲುತ್ತಿದ್ದರೆ ಅಥವಾ ಬಣ್ಣ ಬದಲಾಗಿದ್ದರೆ ಬಳಸಬಾರದು.

ದೇಹದೊಳಗೆ

ರಕ್ತನಾಳಕ್ಕೆ ಸೇರಿದ ಅಯೋಹೆಕ್ಸಾಲ್ ರಕ್ತದೊಡನೆ ಹರಿದು, ಸೂಕ್ಷ್ಮ ನಾಳಗಳ ಗೋಡೆ ದಾಟಿ ಜೀವಕೋಶಗಳ ನಡುವಿನ ದ್ರವಕ್ಕೆ ಹರಡುತ್ತದೆ. ಜೀವಕೋಶಗಳ ಒಳಕ್ಕೆ ಅಷ್ಟಾಗಿ ಹೋಗುವುದಿಲ್ಲ. ಆರೋಗ್ಯವಂತ ಮಿದುಳಿನ ರಕ್ತನಾಳಗಳ ತಡೆಗೋಡೆಯನ್ನು ಅದು ದಾಟದು. ಗೆಡ್ಡೆ, ಸೋಂಕು ಅಥವಾ ಪೆಟ್ಟಿನಿಂದ ಆ ಗೋಡೆ ಸಡಿಲವಾದ ಕಡೆ ಮಾತ್ರ ಸೋರಿ, ರೋಗವಿರುವ ಜಾಗವನ್ನು ಬೆಳ್ಳಗೆ ತೋರಿಸುತ್ತದೆ.

ಪಿತ್ತಜನಕಾಂಗ ಇದನ್ನು ಒಡೆಯುವುದಿಲ್ಲ. ಮೂತ್ರಪಿಂಡದ ಸೋಸುವ ಗುಚ್ಛಗಳಲ್ಲಿ ಹಾದುಹೋಗಿ, ರೂಪ ಬದಲಾಗದೆ ಮೂತ್ರಕ್ಕೆ ಸೇರುತ್ತದೆ. ಮೂತ್ರಪಿಂಡಗಳು ಚೆನ್ನಾಗಿರುವವರಲ್ಲಿ ಸುಮಾರು ಎರಡು ಗಂಟೆಗೊಮ್ಮೆ ರಕ್ತದಲ್ಲಿನ ಪ್ರಮಾಣ ಅರ್ಧವಾಗುತ್ತದೆ, 24 ಗಂಟೆಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಹೊರಹೋಗುತ್ತದೆ. ಸೋಸಿಹೋಗುವುದನ್ನು ಬಿಟ್ಟು ಬೇರೆ ದಾರಿ ಹೆಚ್ಚೇನೂ ಇಲ್ಲದಿರುವುದರಿಂದ, ಅಲ್ಪ ಪ್ರಮಾಣದ ಅಯೋಹೆಕ್ಸಾಲ್ ಕೊಟ್ಟು ಕೆಲವು ಗಂಟೆಗಳ ಬಳಿಕ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಅಳೆದು ಮೂತ್ರಪಿಂಡದ ಸೋಸುವ ವೇಗವನ್ನು ನಿಖರವಾಗಿ ಕಂಡುಕೊಳ್ಳುವ ವಿಧಾನವೂ ಇದೆ.

ಬಳಕೆಗಳು

ಸಿಟಿ ಸ್ಕ್ಯಾನ್: ವಯಸ್ಕರ ಹೊಟ್ಟೆಯ ಸಿಟಿಗೆ ಸಾಮಾನ್ಯವಾಗಿ 80ರಿಂದ 100 ಮಿಲಿಲೀಟರ್ ಕಾಂಟ್ರಾಸ್ಟ್ ಬೇಕಾಗುತ್ತದೆ. ಪರೀಕ್ಷೆಯ ಫಲ ನಿಂತಿರುವುದು ಸಮಯದ ಮೇಲೆ. ಚುಚ್ಚಿದ 25ರಿಂದ 35 ಸೆಕೆಂಡುಗಳಲ್ಲಿ ಅಪಧಮನಿಗಳು ಬೆಳಗುತ್ತವೆ. 70 ಸೆಕೆಂಡುಗಳ ಸುಮಾರಿಗೆ ಪಿತ್ತಜನಕಾಂಗ ಮತ್ತು ಅದರ ಅಭಿಧಮನಿಗಳು ತುಂಬಿಕೊಳ್ಳುತ್ತವೆ. ಐದಾರು ನಿಮಿಷಗಳ ಬಳಿಕ ಮೂತ್ರನಾಳಗಳಲ್ಲಿ ಕಾಂಟ್ರಾಸ್ಟ್ ಕಾಣುತ್ತದೆ. ಪಿತ್ತಜನಕಾಂಗದ ಕ್ಯಾನ್ಸರ್‌ನ ಒಂದು ಮುಖ್ಯ ಬಗೆ ಮೊದಲ ಹಂತದಲ್ಲಿ ಸುತ್ತಲಿನ ಅಂಗಾಂಶಕ್ಕಿಂತ ಹೆಚ್ಚು ಹೊಳೆದು, ನಂತರದ ಹಂತದಲ್ಲಿ ಮಂಕಾಗುತ್ತದೆ. ಈ ಏರಿಳಿತವನ್ನು ನೋಡಿಯೇ ಎಷ್ಟೋ ಸಲ ರೋಗವನ್ನು ಗುರುತಿಸುತ್ತಾರೆ. 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಗೆಡ್ಡೆಯ ಹಂತ ತಿಳಿಯಲು, ಚಿಕಿತ್ಸೆಯಿಂದ ಅದು ಕುಗ್ಗಿದೆಯೇ ಎಂದು ನೋಡಲು ಒಬ್ಬರೇ ರೋಗಿಗೆ ಹಲವು ಸಲ ಕಾಂಟ್ರಾಸ್ಟ್ ಸಿಟಿ ಬೇಕಾಗಬಹುದು. ಎಲ್ಲ ಸಿಟಿಗೂ ಇದು ಬೇಕಿಲ್ಲ. ಮೂತ್ರಪಿಂಡದ ಕಲ್ಲು, ತಲೆಗೆ ಪೆಟ್ಟು ಬಿದ್ದಾಗಿನ ರಕ್ತಸ್ರಾವ, ಶ್ವಾಸಕೋಶದ ಹಲವು ತೊಂದರೆಗಳು ‘ಪ್ಲೇನ್’ ಸ್ಕ್ಯಾನ್‌ನಲ್ಲೇ ಕಾಣುತ್ತವೆ. ಎಂಆರ್‌ಐ ಸ್ಕ್ಯಾನ್‌ಗೆ ಕೊಡುವ ಕಾಂಟ್ರಾಸ್ಟ್ ಬೇರೆ. ಅದರಲ್ಲಿರುವುದು ಅಯೋಡಿನ್ ಅಲ್ಲ, ಗ್ಯಾಡೊಲಿನಿಯಂ.

ಹೃದಯ: ಕೊರೊನರಿ ಆಂಜಿಯೋಗ್ರಾಮ್‌ನಲ್ಲಿ ಮಣಿಕಟ್ಟಿನ ಅಥವಾ ತೊಡೆಸಂದಿನ ಅಪಧಮನಿಯಿಂದ ತೆಳು ಕೊಳವೆಯನ್ನು ಹೃದಯದವರೆಗೆ ಒಯ್ದು, ಹೃದಯದ ರಕ್ತನಾಳಗಳ ಬಾಯಿಗೆ ಕೆಲವೇ ಮಿಲಿಲೀಟರ್ ಕಾಂಟ್ರಾಸ್ಟನ್ನು ಮತ್ತೆಮತ್ತೆ ಚುಚ್ಚಿ ಚಲನಚಿತ್ರದಂತೆ ದಾಖಲಿಸುತ್ತಾರೆ. ರಕ್ತನಾಳ ಎಲ್ಲಿ, ಎಷ್ಟು ಕಿರಿದಾಗಿದೆ ಎಂಬುದು ಆಗ ತಿಳಿಯುತ್ತದೆ. ಆಂಜಿಯೋಪ್ಲಾಸ್ಟಿ ಮಾಡಿ ಸ್ಟೆಂಟ್ ಕೂರಿಸುವಾಗಲೂ ಪ್ರತಿ ಹೆಜ್ಜೆಗೆ ಇದೇ ದಾರಿದೀಪ. ಮೊದಲು ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿದ್ದು ಬಳಿಕ ಬನ್ನೇರುಘಟ್ಟ ರಸ್ತೆಗೆ ಬಂದ ಜಯದೇವ ಸಂಸ್ಥೆಯ ಕ್ಯಾಥ್ ಲ್ಯಾಬ್‌ಗಳು ರಾಜ್ಯದ ಎಲ್ಲ ಕಡೆಯ ರೋಗಿಗಳಿಗೆ ಈ ಪರೀಕ್ಷೆ ಮಾಡುತ್ತವೆ. ಮೈಸೂರು ಮತ್ತು ಕಲಬುರಗಿಯಲ್ಲಿ ಅದರ ಶಾಖೆಗಳಿವೆ. 2023ರಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಹೃದಯಾಘಾತವಾದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಜಯದೇವದಂಥ ಕೇಂದ್ರಗಳಿಗೆ ಕಳುಹಿಸುವ ವ್ಯವಸ್ಥೆಯಿದೆ. ಕೇಂದ್ರ ತಲುಪಿದ ಮೇಲೆ ಮುಂದಿನ ಚಿಕಿತ್ಸೆಯನ್ನು ನಿರ್ಧರಿಸುವುದು ಆಂಜಿಯೋಗ್ರಾಮ್.

ಮಿದುಳು: 1974ರಲ್ಲಿ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು ಒಂದಾಗಿ ರೂಪುಗೊಂಡ ನಿಮ್ಹಾನ್ಸ್‌ನಲ್ಲಿ ನರಸಂಬಂಧಿ ಚಿತ್ರಣಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಪಾರ್ಶ್ವವಾಯು ಬಡಿದವರಿಗೆ ಮಿದುಳಿನ ಯಾವ ರಕ್ತನಾಳ ಕಟ್ಟಿಕೊಂಡಿದೆ ಎಂಬುದನ್ನು ಸಿಟಿ ಆಂಜಿಯೋಗ್ರಾಮ್ ಕೆಲವು ನಿಮಿಷಗಳಲ್ಲಿ ತೋರಿಸುತ್ತದೆ. ದೊಡ್ಡ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದ್ದರೆ ಕೊಳವೆ ಹಾಯಿಸಿ ಅದನ್ನು ಎಳೆದು ತೆಗೆಯಬಹುದು. ರಕ್ತನಾಳದ ಗೋಡೆ ಉಬ್ಬಿ ಒಡೆಯುವ ಅಪಾಯವಿರುವ ಅನ್ಯೂರಿಸಂಗಳನ್ನು ಪತ್ತೆಮಾಡಲು ಡಿಜಿಟಲ್ ಸಬ್‌ಟ್ರಾಕ್ಷನ್ ಆಂಜಿಯೋಗ್ರಫಿ ಬಳಸುತ್ತಾರೆ. ಅದರಲ್ಲಿ ಕಾಂಟ್ರಾಸ್ಟ್ ಕೊಡುವ ಮೊದಲಿನ ಚಿತ್ರವನ್ನು ನಂತರದ ಚಿತ್ರದಿಂದ ಕಳೆದು, ಮೂಳೆಗಳ ನೆರಳಿಲ್ಲದೆ ಬರೀ ರಕ್ತನಾಳಗಳು ಕಾಣುವಂತೆ ಮಾಡುತ್ತಾರೆ.

ಬೆನ್ನುಹುರಿ: ಮೈಯೆಲೋಗ್ರಾಮ್ ಪರೀಕ್ಷೆಯಲ್ಲಿ ಸೊಂಟದ ಬಳಿ ಸೂಜಿ ಚುಚ್ಚಿ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕಾಂಟ್ರಾಸ್ಟ್ ಸೇರಿಸುತ್ತಾರೆ. ಹಳೆಯ ಅಯಾನಿಕ ಲವಣಗಳು ಇಲ್ಲಿಗೆ ಸೇರಿದರೆ ಸೆಳವು, ಸಾವು ಕೂಡ ಸಂಭವಿಸಬಹುದು. ಅಯೋಹೆಕ್ಸಾಲ್ ಈ ಜಾಗಕ್ಕೆ ಕೊಡಬಹುದಾದ ಕೆಲವೇ ಔಷಧಗಳಲ್ಲೊಂದು. ಆದರೆ 180, 240, 300ರ ಪ್ರಬಲತೆಗಳಿಗೆ ಮಾತ್ರ ಅನುಮತಿಯಿದ್ದು 140 ಮತ್ತು 350ನ್ನು ಬಳಸಕೂಡದು ಎಂಬ ಕಟ್ಟುನಿಟ್ಟಿನ ಎಚ್ಚರಿಕೆ ಅಮೆರಿಕದ ಲೇಬಲ್ ಮೇಲೆ ಇದೆ. ವಯಸ್ಕರಲ್ಲಿ ಒಟ್ಟು ಅಯೋಡಿನ್ 3,060 ಮಿಲಿಗ್ರಾಂ ಮೀರಬಾರದು. ಎಂಆರ್‌ಐ ಬಂದ ಮೇಲೆ ಈ ಪರೀಕ್ಷೆ ವಿರಳವಾಗಿದೆ. ಪೇಸ್‌ಮೇಕರ್ ಮೊದಲಾದ ಕಾರಣಗಳಿಂದ ಎಂಆರ್‌ಐ ಮಾಡಲಾಗದವರಿಗೆ, ಬೆನ್ನುಹುರಿಯ ದ್ರವ ಎಲ್ಲಿ ಸೋರುತ್ತಿದೆ ಎಂದು ಹುಡುಕುವಾಗ ಇದು ಈಗಲೂ ಬೇಕಾಗುತ್ತದೆ.

ಇತರ ಬಳಕೆಗಳು: ಮಕ್ಕಳಾಗದ ಮಹಿಳೆಯರಲ್ಲಿ ಗರ್ಭನಾಳಗಳು ತೆರೆದಿವೆಯೇ ಎಂದು ನೋಡುವ, ‘ಟ್ಯೂಬ್ ಟೆಸ್ಟ್’ ಎಂದು ಕರೆಯುವ ಎಚ್‌ಎಸ್‌ಜಿ ಪರೀಕ್ಷೆಯಲ್ಲಿ, ಕೀಲುಗಳ ಒಳಚಿತ್ರಣದಲ್ಲಿ, ಮೂತ್ರನಾಳಗಳ ಪರೀಕ್ಷೆಯಲ್ಲಿ ಅಯೋಹೆಕ್ಸಾಲ್ ಬಳಕೆಯಾಗುತ್ತದೆ. ನೀರಿನಲ್ಲಿ ತೆಳುಮಾಡಿ ಕುಡಿಸಿದರೆ ಕರುಳಿನ ಸುರುಳಿಗಳು ಸ್ಪಷ್ಟವಾಗುತ್ತವೆ. ಕರುಳು ತೂತಾಗಿರುವ ಶಂಕೆಯಿದ್ದಾಗ ಬೇರಿಯಂ ಬದಲು ಇದನ್ನು ಕೊಡುತ್ತಾರೆ, ಏಕೆಂದರೆ ಹೊಟ್ಟೆಯೊಳಗೆ ಸೋರಿದರೂ ಇದು ದೇಹದಲ್ಲಿ ಹೀರಲ್ಪಟ್ಟು ಹೊರಹೋಗುತ್ತದೆ.

ಪರೀಕ್ಷೆಯ ಕ್ರಮ

ಕಾಂಟ್ರಾಸ್ಟ್ ಸಿಟಿಗೆ ಹೋದವರನ್ನು ಮೊದಲು ಕೇಳುವುದು ಹಿಂದೆ ಇಂಥ ಇಂಜೆಕ್ಷನ್‌ನಿಂದ ತೊಂದರೆಯಾಗಿತ್ತೇ, ಅಲರ್ಜಿ, ಅಸ್ತಮಾ, ಸಕ್ಕರೆ ಕಾಯಿಲೆ, ಥೈರಾಯ್ಡ್ ಅಥವಾ ಕಿಡ್ನಿ ತೊಂದರೆ ಇದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಮಹಿಳೆಯಾದರೆ ಗರ್ಭಿಣಿಯೇ ಎಂಬ ಪ್ರಶ್ನೆಗಳನ್ನು. ಮೂತ್ರಪಿಂಡಗಳ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯ ಚೀಟಿ ಕೇಳುತ್ತಾರೆ, ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುತ್ತಾರೆ. ಈ ಪ್ರಶ್ನೆಗಳಿಗೆ ಪೂರ್ತಿಯಾಗಿ ಉತ್ತರಿಸುವುದು ರೋಗಿಯ ಸುರಕ್ಷತೆಗೆ ಅತಿ ಮುಖ್ಯ. ಕೆಲವು ಗಂಟೆ ಉಪವಾಸವಿರುವಂತೆ ಹೇಳುವ ರೂಢಿ ಹಲವೆಡೆ ಇದೆ. ಹೊಸ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಇದನ್ನು ಅಗತ್ಯವೆಂದು ಎಣಿಸುವುದಿಲ್ಲ. ನೀರು ಕುಡಿಯುವುದನ್ನಂತೂ ನಿಲ್ಲಿಸಬೇಕಿಲ್ಲ.

ಮೊಣಕೈ ಮಡಿಕೆಯ ಅಭಿಧಮನಿಗೆ ಕ್ಯಾನುಲಾ ಹಾಕಿ, ಪ್ರೆಷರ್ ಇಂಜೆಕ್ಟರ್ ಎಂಬ ಯಂತ್ರಕ್ಕೆ ಜೋಡಿಸುತ್ತಾರೆ. ಸಾಮಾನ್ಯ ಪರೀಕ್ಷೆಗೆ ಸೆಕೆಂಡಿಗೆ ಎರಡು-ಮೂರು ಮಿಲಿಲೀಟರ್, ಆಂಜಿಯೋಗ್ರಾಮ್‌ಗೆ ನಾಲ್ಕೈದು ಮಿಲಿಲೀಟರ್ ವೇಗದಲ್ಲಿ ಕಾಂಟ್ರಾಸ್ಟ್ ಹೋಗುತ್ತದೆ. ಮೈ ಬಿಸಿಯೇರಿದಂತೆ, ಬಾಯಲ್ಲಿ ಲೋಹದ ರುಚಿ ಬಂದಂತೆ, ಮೂತ್ರ ಹೋದಂತೆ ಭಾಸವಾಗುವುದು ಸಹಜ. ಒಂದು ನಿಮಿಷದೊಳಗೆ ಇಳಿಯುತ್ತದೆ. ಮುಂಚೆಯೇ ತಿಳಿಸಿದರೆ ರೋಗಿ ಗಾಬರಿಯಾಗಿ ಅಲುಗಾಡುವುದಿಲ್ಲ, ಚಿತ್ರವೂ ಕೆಡುವುದಿಲ್ಲ. ತೀವ್ರ ಪ್ರತಿಕ್ರಿಯೆಗಳಲ್ಲಿ ಬಹುಪಾಲು ಮೊದಲ 20 ನಿಮಿಷಗಳಲ್ಲೇ ಕಾಣಿಸಿಕೊಳ್ಳುವುದರಿಂದ ಪರೀಕ್ಷೆಯ ಬಳಿಕ ಅರ್ಧ ಗಂಟೆಯಷ್ಟು ಹೊತ್ತು ಅಲ್ಲೇ ಕೂರಿಸಿ, ಆಮೇಲೆ ಕ್ಯಾನುಲಾ ತೆಗೆಯುತ್ತಾರೆ.

ಅಡ್ಡಪರಿಣಾಮಗಳು ಮತ್ತು ಎಚ್ಚರಿಕೆ

ಅಲರ್ಜಿಯಂಥ ಪ್ರತಿಕ್ರಿಯೆ: ಜಪಾನಿನ ಕಟಯಾಮ ಮತ್ತು ಸಂಗಡಿಗರು 3,37,647 ಸಂದರ್ಭಗಳನ್ನು ಪರಿಶೀಲಿಸಿ 1990ರಲ್ಲಿ ಪ್ರಕಟಿಸಿದ ವರದಿ ಈ ಕ್ಷೇತ್ರದ ಆಧಾರಸ್ತಂಭ. ಅಯಾನಿಕ ಕಾಂಟ್ರಾಸ್ಟ್ ಪಡೆದವರಲ್ಲಿ ಶೇ. 12.66ರಷ್ಟು ಮಂದಿಗೆ, ಅಯಾನಿಕವಲ್ಲದ್ದನ್ನು ಪಡೆದವರಲ್ಲಿ ಶೇ. 3.13ರಷ್ಟು ಮಂದಿಗೆ ಒಂದಿಲ್ಲೊಂದು ಪ್ರತಿಕ್ರಿಯೆ ಕಂಡಿತು. ತೀವ್ರ ಪ್ರತಿಕ್ರಿಯೆಯ ಪ್ರಮಾಣ ಕ್ರಮವಾಗಿ ಶೇ. 0.22 ಮತ್ತು 0.04. ಹಳೆಯ ಲವಣಗಳಿಂದ ಜಗತ್ತು ದೂರ ಸರಿಯಲು ಈ ಅಂಕಿಗಳು ದೊಡ್ಡ ಕಾರಣವಾದವು. ತುರಿಕೆ, ದದ್ದು, ವಾಕರಿಕೆ, ಸೀನು ಹೆಚ್ಚು ಸಾಮಾನ್ಯ. ಗಂಟಲು ಊದುವುದು, ಉಸಿರಾಟದ ತೊಂದರೆ, ರಕ್ತದೊತ್ತಡ ಕುಸಿಯುವುದು ಅಪರೂಪವಾದರೂ ಪ್ರಾಣಕ್ಕೆ ಕುತ್ತು. ಆಗ ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್ ಕೊಡುವುದು ಮೊದಲ ಚಿಕಿತ್ಸೆ. ಅಡ್ರಿನಲಿನ್, ಆಮ್ಲಜನಕ ಮತ್ತು ಅವನ್ನು ಕೊಡಬಲ್ಲ ಸಿಬ್ಬಂದಿ ಇಲ್ಲದ ಕಡೆ ಕಾಂಟ್ರಾಸ್ಟ್ ಚುಚ್ಚಬಾರದು. ದೊಡ್ಡ ಆಸ್ಪತ್ರೆಗೂ ಬಡಾವಣೆಯ ಸಣ್ಣ ಸ್ಕ್ಯಾನ್ ಸೆಂಟರ್‌ಗೂ ಈ ನಿಯಮ ಒಂದೇ.

ಹಿಂದೆ ಇದೇ ಬಗೆಯ ಕಾಂಟ್ರಾಸ್ಟ್‌ನಿಂದ ಪ್ರತಿಕ್ರಿಯೆಯಾಗಿದ್ದರೆ ಮತ್ತೆ ಆಗುವ ಸಂಭವ ಹೆಚ್ಚು. ಅಂಥವರಿಗೆ ಬೇರೆ ಕಾಂಟ್ರಾಸ್ಟ್ ಆರಿಸುವುದು, ಸುಮಾರು 12 ಗಂಟೆ ಮುಂಚಿನಿಂದ ಸ್ಟಿರಾಯ್ಡ್ ಕೊಡುವುದು, ಅಥವಾ ಬೇರೆ ಪರೀಕ್ಷೆ ಮಾಡುವುದು ರೂಢಿ. ಸೀಗಡಿ, ಮೀನು ಒಗ್ಗದವರಿಗೆ ಈ ಇಂಜೆಕ್ಷನ್ ಆಗದು ಎಂಬ ನಂಬಿಕೆ ಕರಾವಳಿಯಿಂದ ಬೆಂಗಳೂರಿನವರೆಗೂ ಇದೆ, ಅದಕ್ಕೆ ಆಧಾರವಿಲ್ಲ. ಸೀಗಡಿಯ ಅಲರ್ಜಿಗೆ ಕಾರಣ ಅದರ ಪ್ರೋಟೀನ್, ಅಯೋಡಿನ್ ಅಲ್ಲ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್‌ನಿಂದ ಚರ್ಮ ಕೆಂಪಾಗುವವರಿಗೂ ಇದೇ ಮಾತು.

ಮೂತ್ರಪಿಂಡ: ಕಾಂಟ್ರಾಸ್ಟ್ ಪಡೆದ ಎರಡು-ಮೂರು ದಿನಗಳಲ್ಲಿ ಕೆಲವರ ಕ್ರಿಯಾಟಿನಿನ್ ಏರಬಹುದು. ಈ ಅಪಾಯವನ್ನು ಹಿಂದೆ ಅತಿಯಾಗಿ ಅಂದಾಜಿಸಲಾಗಿತ್ತು ಎಂಬುದು ಇತ್ತೀಚಿನ ಅಧ್ಯಯನಗಳ ತೀರ್ಮಾನ. ಅಮೆರಿಕದ ರೇಡಿಯಾಲಜಿ ಕಾಲೇಜು ಮತ್ತು ರಾಷ್ಟ್ರೀಯ ಕಿಡ್ನಿ ಪ್ರತಿಷ್ಠಾನ 2020ರಲ್ಲಿ ನೀಡಿದ ಜಂಟಿ ಹೇಳಿಕೆಯ ಪ್ರಕಾರ, ಸೋಸುವ ವೇಗ ನಿಮಿಷಕ್ಕೆ 30 ಮಿಲಿಲೀಟರ್‌ಗಿಂತ ಕಡಿಮೆಯಿರುವವರು ಮತ್ತು ಮೂತ್ರಪಿಂಡಕ್ಕೆ ಹಠಾತ್ ಪೆಟ್ಟು ಬಿದ್ದಿರುವವರೇ ಮುಖ್ಯವಾಗಿ ಅಪಾಯದಲ್ಲಿರುವವರು. ಅವರಿಗೆ ಪರೀಕ್ಷೆಯ ಮುಂಚೆ, ನಂತರ ಸಲೈನ್ ಕೊಡುವುದು ರಕ್ಷಣೆ. ಪಾರ್ಶ್ವವಾಯು, ಹೃದಯಾಘಾತದಂಥ ತುರ್ತಿನಲ್ಲಿ ಕ್ರಿಯಾಟಿನಿನ್ ವರದಿಗಾಗಿ ಕಾಯುತ್ತ ಹೊತ್ತು ಕಳೆಯುವುದು ಕಾಂಟ್ರಾಸ್ಟ್‌ಗಿಂತ ಹೆಚ್ಚು ಹಾನಿ ಮಾಡಬಲ್ಲದು.

ಮೆಟ್‌ಫಾರ್ಮಿನ್: ಸಕ್ಕರೆ ಕಾಯಿಲೆಯ ಈ ಸಾಮಾನ್ಯ ಮಾತ್ರೆಗೂ ಕಾಂಟ್ರಾಸ್ಟ್‌ಗೂ ನೇರ ವಿರೋಧವಿಲ್ಲ. ಮೂತ್ರಪಿಂಡ ಸೋತರೆ ಮೆಟ್‌ಫಾರ್ಮಿನ್ ರಕ್ತದಲ್ಲಿ ಉಳಿದು, ಲ್ಯಾಕ್ಟಿಕ್ ಆಮ್ಲ ಅಪಾಯಕರವಾಗಿ ಏರಬಹುದು. ಆದ್ದರಿಂದ ಮೂತ್ರಪಿಂಡ ದುರ್ಬಲವಾಗಿರುವವರಿಗೆ ಪರೀಕ್ಷೆಯ ಹೊತ್ತಿಗೆ ಮಾತ್ರೆ ನಿಲ್ಲಿಸಿ, 48 ಗಂಟೆಗಳ ಬಳಿಕ ಕ್ರಿಯಾಟಿನಿನ್ ನೋಡಿ ಮತ್ತೆ ಆರಂಭಿಸುತ್ತಾರೆ. ಈ ತೀರ್ಮಾನ ವೈದ್ಯರದಾಗಬೇಕು. ರೋಗಿ ತಾನಾಗಿ ಮಾತ್ರೆ ಬಿಡಬಾರದು.

ಥೈರಾಯ್ಡ್: 300ರ ಕಾಂಟ್ರಾಸ್ಟ್ 100 ಮಿಲಿಲೀಟರ್ ಎಂದರೆ 30 ಗ್ರಾಂ ಅಯೋಡಿನ್, ವಯಸ್ಕರ ದಿನದ ಅಗತ್ಯ ಕೇವಲ 150 ಮೈಕ್ರೊಗ್ರಾಂ. ಕಾಂಟ್ರಾಸ್ಟ್‌ನಲ್ಲಿರುವ ಅಯೋಡಿನ್ ಬಹುತೇಕ ಉಂಗುರಕ್ಕೆ ಕಟ್ಟಿಕೊಂಡೇ ಹೊರಹೋದರೂ ಬಿಡಿಯಾಗಿ ಸಿಗುವ ಅಲ್ಪ ಭಾಗವೂ ಗ್ರಂಥಿಯನ್ನು ತಟ್ಟಬಲ್ಲದು. ಗಂಟುಗಳುಳ್ಳ ಥೈರಾಯ್ಡ್ ಅತಿಯಾಗಿ ಕೆಲಸ ಮಾಡತೊಡಗಬಹುದು; ಶಿಶುಗಳಲ್ಲಿ ಕುಗ್ಗಬಹುದು. ಮೂರು ವರ್ಷದೊಳಗಿನ ಮಕ್ಕಳಲ್ಲಿ ಈ ಬಗ್ಗೆ ನಿಗಾ ಇಡುವಂತೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಸೂಚಿಸಿತು. ಥೈರಾಯ್ಡ್ ಕ್ಯಾನ್ಸರ್‌ಗೆ ರೇಡಿಯೊ ಅಯೋಡಿನ್ ಚಿಕಿತ್ಸೆ ಆಗಬೇಕಿರುವವರು ಕಾಂಟ್ರಾಸ್ಟ್ ಪಡೆದರೆ ಆ ಚಿಕಿತ್ಸೆಯನ್ನು ವಾರಗಳ ಕಾಲ ಮುಂದೂಡಬೇಕಾಗುತ್ತದೆ.

ಉಳಿದವು: ಸೂಜಿ ಜರುಗಿ ದ್ರಾವಣ ಚರ್ಮದಡಿ ಸೇರಿದರೆ ತೋಳು ಊದಿ ನೋಯುತ್ತದೆ. ಕೈ ಎತ್ತಿ ಇಡುವುದು, ತಣ್ಣನೆಯ ಪಟ್ಟಿ ಹಾಕುವುದು ಸಾಮಾನ್ಯವಾಗಿ ಸಾಕು. ಬೆರಳು ಜೋಮು ಹಿಡಿದರೆ ಅಥವಾ ಊತ ಹೆಚ್ಚುತ್ತಲೇ ಹೋದರೆ ಶಸ್ತ್ರಚಿಕಿತ್ಸಕರು ನೋಡಬೇಕು. ತಾಯಿಗೆ ಕೊಟ್ಟ ಕಾಂಟ್ರಾಸ್ಟ್‌ನಲ್ಲಿ ಶೇ. 1ಕ್ಕಿಂತ ಕಡಿಮೆ ಭಾಗ ಎದೆಹಾಲಿಗೆ ಸೇರುತ್ತದೆ, ಮಗುವಿನ ಕರುಳು ಅದರಲ್ಲೂ ಅತ್ಯಲ್ಪವನ್ನು ಹೀರುತ್ತದೆ. ಹಾಗಾಗಿ ಹಾಲೂಡಿಸುವುದನ್ನು ನಿಲ್ಲಿಸಬೇಕಿಲ್ಲ.

ತಯಾರಿಕೆ ಮತ್ತು ಪೂರೈಕೆ

ಜಗತ್ತಿನ ಅಯೋಡಿನ್‌ನ ಬಹುಪಾಲು ಎರಡು ದೇಶಗಳಿಂದ ಬರುತ್ತದೆ: ಚಿಲಿಯ ಅಟಕಾಮ ಮರುಭೂಮಿಯ ಕಲಿಚೆ ಎಂಬ ಅದಿರು, ಮತ್ತು ಜಪಾನಿನ ಚಿಬಾ ಪ್ರಾಂತದಲ್ಲಿ ನೈಸರ್ಗಿಕ ಅನಿಲದೊಡನೆ ಮೇಲೆ ಬರುವ ಉಪ್ಪುನೀರು. ಅಯೋಡಿನ್‌ನ ಉಪಯೋಗಗಳಲ್ಲಿ ಎಕ್ಸ್-ರೇ ಕಾಂಟ್ರಾಸ್ಟ್‌ನದೇ ಅತಿ ದೊಡ್ಡ ಪಾಲು. ಭಾರತ ತನ್ನ ಅಯೋಡಿನ್ನನ್ನು ಆಮದು ಮಾಡಿಕೊಳ್ಳುತ್ತದೆ. ನ್ಯೆಗಾರ್ಡ್ ಕಂಪನಿ ಮುಂದೆ ನೈಕೊಮೆಡ್ ಆಗಿ, ಕೊನೆಗೆ ಅದರ ಕಾಂಟ್ರಾಸ್ಟ್ ವಿಭಾಗ ಜಿಇ ಹೆಲ್ತ್‌ಕೇರ್‌ಗೆ ಸೇರಿತು. ಸ್ವಾಮ್ಯದ ಅವಧಿ ಮುಗಿದ ಬಳಿಕ ಬೇರೆ ಕಂಪನಿಗಳೂ ಅಯೋಹೆಕ್ಸಾಲ್ ತಯಾರಿಸತೊಡಗಿದವು. 2022ರ ಏಪ್ರಿಲ್‌ನಲ್ಲಿ ಕೋವಿಡ್ ಲಾಕ್‌ಡೌನ್‌ನಿಂದ ಜಿಇಯ ಶಾಂಘೈ ಕಾರ್ಖಾನೆ ಮುಚ್ಚಿದಾಗ ಅಮೆರಿಕ ಮೊದಲಾದ ದೇಶಗಳಲ್ಲಿ ವಾರಗಟ್ಟಲೆ ಕಾಂಟ್ರಾಸ್ಟ್ ಕೊರತೆಯಾಗಿ, ತುರ್ತಲ್ಲದ ಸ್ಕ್ಯಾನ್‌ಗಳನ್ನು ಮುಂದೂಡಬೇಕಾಯಿತು. ಒಂದೇ ಕಾರ್ಖಾನೆಯನ್ನು ನಂಬಿರುವುದರ ಅಪಾಯ ಆಗ ಎಲ್ಲರಿಗೂ ಮನದಟ್ಟಾಯಿತು.

ಕಾಂಟ್ರಾಸ್ಟ್ ಕೊಡುವ, ಯಂತ್ರ ನಡೆಸುವ ಸಿಬ್ಬಂದಿಯ ತರಬೇತಿಯೂ ಪೂರೈಕೆಯಷ್ಟೇ ಮುಖ್ಯ. ಜಯನಗರದಲ್ಲಿ ಕೇಂದ್ರ ಕಚೇರಿಯುಳ್ಳ, 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ರೇಡಿಯಾಲಜಿ ವೈದ್ಯರಿಗೂ ಇಮೇಜಿಂಗ್ ತಂತ್ರಜ್ಞರಿಗೂ ರಾಜ್ಯದ ಕಾಲೇಜುಗಳ ಮೂಲಕ ಪದವಿ ನೀಡುತ್ತದೆ. ಸಿಟಿ ಮತ್ತು ಎಕ್ಸ್-ರೇ ಯಂತ್ರಗಳ ವಿಕಿರಣ ಸುರಕ್ಷತೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಹೊಣೆ.

ಪರಿಸರ

ದೇಹದಲ್ಲಿ ಒಡೆಯದಿರುವುದೇ ಅಯೋಹೆಕ್ಸಾಲ್‌ನ ಸುರಕ್ಷತೆಗೆ ಕಾರಣ. ಅದೇ ಗುಣ ನೀರಿನ ಮಟ್ಟಿಗೆ ಸಮಸ್ಯೆಯಾಗುತ್ತದೆ. ರೋಗಿಯ ಮೂತ್ರದೊಡನೆ ಚರಂಡಿ ಸೇರುವ ಈ ಅಣುಗಳನ್ನು ಸಾಮಾನ್ಯ ಕೊಳಚೆನೀರು ಶುದ್ಧೀಕರಣ ಘಟಕಗಳು ಪೂರ್ತಿಯಾಗಿ ತೆಗೆಯಲಾರವು. ಜರ್ಮನಿ ಮೊದಲಾದ ದೇಶಗಳ ನದಿಗಳಲ್ಲಿ ಅಯೋಡಿನ್ ಕಾಂಟ್ರಾಸ್ಟ್‌ಗಳು ಪತ್ತೆಯಾಗಿವೆ. ಅಲ್ಲಿ ಕಂಡುಬಂದ ಪ್ರಮಾಣದಲ್ಲಿ ಈ ಅಣುಗಳು ತಾವಾಗಿ ವಿಷಕರವಲ್ಲ. ಆದರೆ ಗುಂಪಿನ ಕೆಲವು ಅಣುಗಳು, ವಿಶೇಷವಾಗಿ ಅಯೊಪಮಿಡಾಲ್, ನೀರಿಗೆ ಕ್ಲೋರಿನ್ ಹಾಕಿದಾಗ ಒಡೆದು ಅನಪೇಕ್ಷಿತ ಅಯೋಡಿನ್ ಸಂಯುಕ್ತಗಳಿಗೆ ಎಡೆಮಾಡಿಕೊಡುತ್ತವೆ.

ದಕ್ಷಿಣ ಬೆಂಗಳೂರಿಗೆ ಈ ವಿಷಯ ದೂರದ್ದಲ್ಲ. ನಗರದ ಈ ಭಾಗದ ಕೊಳಚೆ ನೀರು ವೃಷಭಾವತಿ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ಕಡೆ ಹರಿಯುತ್ತದೆ. ಎರಡನೆಯ ಕಣಿವೆಯಲ್ಲಿ ಶುದ್ಧೀಕರಿಸಿದ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬಿಸಲು ಒಯ್ಯಲಾಗುತ್ತಿದೆ. ನೀರನ್ನು ಹೀಗೆ ಮರುಬಳಸುವ ಊರಿನಲ್ಲಿ ಔಷಧಗಳ ಉಳಿಕೆಯ ಮೇಲೆ ಕಣ್ಣಿಡಬೇಕಾದುದು ಅಗತ್ಯ. ಮೂಲದಲ್ಲೇ ತಡೆಯುವ ಮಾರ್ಗಗಳೂ ಇವೆ: ಅಗತ್ಯವಿದ್ದಾಗ ಮಾತ್ರ ಕಾಂಟ್ರಾಸ್ಟ್ ಕೊಡುವುದು, ರೋಗಿಯ ತೂಕಕ್ಕೆ ತಕ್ಕಷ್ಟೇ ಬಳಸುವುದು, ಬಾಟಲಿಯಲ್ಲಿ ಉಳಿದದ್ದನ್ನು ಸಿಂಕಿಗೆ ಸುರಿಯದೆ ಬೇರೆಯಾಗಿ ಸಂಗ್ರಹಿಸುವುದು. ಯುರೋಪಿನ ಕೆಲವೆಡೆ ರೋಗಿಗಳಿಗೆ ಮೂತ್ರ ಸಂಗ್ರಹಿಸುವ ಚೀಲಗಳನ್ನು ಕೊಟ್ಟು, ಅವು ಕಸದೊಡನೆ ದಹನಕ್ಕೆ ಹೋಗುವಂತೆ ಮಾಡಿ ನೋಡಿದ್ದಾರೆ. ಸಂಗ್ರಹಿಸಿದ ಉಳಿಕೆಯಿಂದ ಅಯೋಡಿನ್ನನ್ನು ಬೇರ್ಪಡಿಸಿ ಮತ್ತೆ ಬಳಸುವ ಪ್ರಯತ್ನಗಳೂ ನಡೆದಿವೆ.